ಒಂದೇ ಲಾರಿಯ ಬೆಳ್ಯಪ್ಪನವರು

ಬೆಳ್ಯಪ್ಪನವರು ಯಾರ ಕುಶಲವನ್ನೂ ಕೇಳಿದವರಲ್ಲ. ಹೊಸಬರು ಕೈಮುಗಿದರೆ "ಮನೆ ಎಲ್ಲಿ?" ಎಂದು ವಿಚಾರಿಸಿ, ಕ್ಷಣಕಾಲ ಕಣ್ಣು ಮುಚ್ಚಿ, "ನಲವತ್ತು ನಿಮಿಷ" ಎಂದುಬಿಡುತ್ತಿದ್ದರು. ಬೆಂಕಿ ಆರಿಸುವ ಲಾರಿ ಮಡಿಕೇರಿಯಿಂದ ಆ ಮನೆ ಮುಟ್ಟಲು ಬೇಕಾದ ಹೊತ್ತು ಅದು. ಹುಲ್ಲು ಹೊದಿಸಿದ ಮನೆಯ ಮಾಡು ಇಪ್ಪತ್ತೇ ನಿಮಿಷದಲ್ಲಿ ಉರಿದುಹೋಗುತ್ತದೆಂದು ಬಲ್ಲವರಿಗೆ ಈ ಕುಶಲೋಪರಿ ಅಷ್ಟೇನೂ ರುಚಿಸುತ್ತಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಇಡೀ ಜಿಲ್ಲೆಗೆ ಇದ್ದದ್ದು ಅದೊಂದೇ ಲಾರಿ, ಅದರ ಅಧಿಕಾರಿ ಇವರು. ಇನ್ನೊಂದಕ್ಕೆ ಸರ್ಕಾರದಲ್ಲಿ ಹಣವಿಲ್ಲ. ಜೇಬುಗಳು ಜೋತುಬಿದ್ದ ಖಾಕಿ ಕೋಟು ತೊಟ್ಟು, ಸರಪಳಿ ಗಡಿಯಾರ ಅಂಗೈಯಲ್ಲಿ ಹಿಡಿದು, ಮುಂದಕ್ಕೆ ಬಾಗಿದ ದಾಪುಗಾಲಿನಲ್ಲಿ ಊರೂರು ಅಲೆದು ಹುಲ್ಲು ಮನೆಗಳನ್ನು ಎಣಿಸಿ, ಕೊನೆಗೆ ನಾನು ಮೇಷ್ಟರಾಗಿದ್ದ ಶ್ರೀಮಂಗಲದ ಶಾಲೆಗೆ ಬಂದು ಜಿಲ್ಲೆಯ ನಕ್ಷೆಯನ್ನು ನೆಲಕ್ಕೆ ಹಾಸಿದರು. ಹತ್ತು ಹುಲ್ಲು ಮನೆಗೆ ಒಂದರಂತೆ ಅದರ ಮೇಲೆ ಕಾಫಿಬೀಜ ಇಟ್ಟರು. ಬೀಜಗಳು ದಟ್ಟವಾಗಿ ಕೂತದ್ದು ನಮ್ಮ ಕಡೆಯ ಎಸ್ಟೇಟ್ ಲೈನುಗಳ, ಅಂದರೆ ತೋಟದ ಕೂಲಿಗಳ ಸಾಲುಮನೆಗಳ ಮೇಲೆ. ಬೇಸಗೆ ಮುಗಿಯುವ ತನಕ ಲಾರಿ ಶ್ರೀಮಂಗಲದಲ್ಲೇ ಎಂದು ತೀರ್ಮಾನವಾಯಿತು.

ಅದರಿಂದ ಭಾಗಮಂಡಲ, ಅಲ್ಲಿದ್ದ ಅವರ ತಂಗಿ ಯಮುನಳ ಮನೆ, ಲಾರಿಗೆ ಮೂರು ಗಂಟೆ ದೂರವಾದವು. ಆ ಊರಿಗೆ ಅವರು ಲಾರಿಯ ಬದಲು ಕೋವಿಯನ್ನೇ ಕೊಟ್ಟರೆನ್ನಬೇಕು. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬುದು ಕೊಡಗಿನ ಹಳೆಯ ವಾಡಿಕೆ. ಬೆಂಕಿಗೆ ಮೂರು ಹಾರಿಸಿ, ಕೇಳಿದವರೆಲ್ಲ ಕೊಡ, ಕೊಕ್ಕೆ, ಹಸಿಸೊಪ್ಪು ಹಿಡಿದು ಓಡಿಬನ್ನಿ ಎಂದು ಮನೆಮನೆಗೂ ಹೇಳಿಬಂದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಫೋನು ಬಂತು: ಯಮುನಳ ಮನೆಗೇ ಬೆಂಕಿ. ಡ್ರೈವರ್ ಕೆಂಚ ಎದ್ದು ನಿಂತ.

"ಹೊರಡುವನಾ ಸಾರ್? ನಿಮ್ಮ ತಂಗಿ ಮನೆ ಅಲ್ವಾ?"

"ನಾವು ಮುಟ್ಟುವಾಗ ಬೂದಿ ಇರ್ತದೆ ಕೆಂಚ. ಇಲ್ಲಿ ಗಾಳಿ ಎದ್ದಿದೆ. ಲಾರಿ ಬೇಡ."

ಗಡಿಯಾರ ಜೇಬಿಗಿಳಿಸಿ, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಪಕ್ಕದಲ್ಲೇ ಇದ್ದ ನನಗೆ ಆಗ ಅವರ ಮೇಲೆ ಸಿಟ್ಟೇ ಬಂದಿತ್ತು, ಒಪ್ಪಿಕೊಳ್ಳುತ್ತೇನೆ.

ಬಸ್ಸು ಹಿಡಿದು ಇಬ್ಬರೂ ಹೋದೆವು. ಮನೆ ನೆಲಸಮವಾಗಿತ್ತು. ಮೂರು ಗುಂಡು ಕೇಳಿ ಓಡಿಬಂದವರು ಮಕ್ಕಳನ್ನೂ ದನಗಳನ್ನೂ ಹೊರಗೆಳೆದು, ಅಕ್ಕಪಕ್ಕದ ಏಳು ಮಾಡುಗಳ ಹುಲ್ಲು ಕಿತ್ತೆಸೆದು ಆ ಮನೆಗಳನ್ನು ಉಳಿಸಿದ್ದರು. ಮಸಿ ಮೆತ್ತಿದ ಮುಖದ ಯಮುನ ಅಣ್ಣನ ಹಿಂದಿನ ದಾರಿಯನ್ನೇ ನೋಡಿ, ಮನೆಮಾತಾದ ಅರೆಭಾಷೆಯಲ್ಲಿ ಕೇಳಿದಳು.

"ಲಾರಿ ಎಲ್ಲಿ ಉಟ್ಟು ಅಣ್ಣ?"

"ಶ್ರೀಮಂಗಲಲಿ."

"ಅಲ್ಲೇ ಇರ್ಲಿ," ಎಂದವಳು ಅವರ ಕೋಟು ಹಿಡಿದು ಅತ್ತಳು. ಅವರೂ ಅತ್ತರು.

ಎಲ್ಲರಿಗೂ ಸಾಕಾಗದ ವಸ್ತುವನ್ನು ಹಂಚಲು ಕೂತವರನ್ನು ಆಮೇಲೆ ನಾನು ಬಹಳ ಮಂದಿ ನೋಡಿದ್ದೇನೆ. ಹಂಚುವಾಗ ತಮ್ಮವರ ಮನೆಗೂ ಉಳಿದ ಮನೆಗಳಂತೆಯೇ ಕಾಫಿಬೀಜದ ಹತ್ತರಲ್ಲೊಂದು ಪಾಲನ್ನಷ್ಟೇ ಕೊಟ್ಟು, ಆಮೇಲೆ ತಲೆ ತಪ್ಪಿಸಿಕೊಳ್ಳದೆ ಅದರ ಬೂದಿಯ ಮುಂದೆ ಬಂದು ನಿಲ್ಲುವವರು ವಿರಳ.