ಬಾಯಿ ತೆರೆದು ಹಿಡಿದ ಉಸಿರು

ಹಾರೆಯ ಏಟು ಅಳಿಯನ ಹೆಗಲಿಗೆ ಬಿತ್ತು. ಎಲುಬು ಮುರಿದ ಸದ್ದು ಕ್ವಾರಿಯ ಮೇಲೆ ನಿಂತವರಿಗೂ ಕೇಳಿಸಿತು. ಮಾವ ಮತ್ತೆ ಹಾರೆ ಎತ್ತಿದಾಗ ನಾಲ್ವರು ಸೇರಿ ಅವನನ್ನು ಕೆಡವಿ ಹಿಡಿದರು.

ಮೂವತ್ತು ವರ್ಷ ಆ ಬಂಡೆಗೆ ಸಿಡಿಮದ್ದು ತುಂಬಿ ಬತ್ತಿ ಹಚ್ಚಿದವನು ಮಾವ. ಐವತ್ತು ದಾಟಿದವರೆಲ್ಲ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಬೇಕೆಂದು ಕ್ವಾರಿಯ ಧಣಿ ಹೊಸದಾಗಿ ಹೇಳಿದ್ದ. ಹೃದಯದ ರಕ್ತನಾಳಗಳಲ್ಲಿ ಎಷ್ಟು ಸುಣ್ಣ ಕಟ್ಟಿದೆಯೆಂದು ಅದು ಅಂಕಿಯಲ್ಲಿ ತೋರಿಸುತ್ತದಂತೆ. ಮಾವನಿಗೆ ನಾನೂರ ಹನ್ನೆರಡು ಬಂತು. ಮುನ್ನೂರು ದಾಟಿದವನು ಮದ್ದು ಮುಟ್ಟುವ ಹಾಗಿಲ್ಲವೆಂದು ಧಣಿ ಆ ಕೆಲಸವನ್ನು ಮಾವನ ಅಕ್ಕನ ಮಗನಾದ ಈ ಅಳಿಯನಿಗೇ ಕೊಟ್ಟ. ಅಂದು ಬೆಳಿಗ್ಗೆ ಅಳಿಯ ಎಲ್ಲರೆದುರು ನಗುತ್ತ ಅಂದಿದ್ದ: "ಇಲ್ಲಿಗ್ಯಾಕೆ ಬಂದೆ ಮಾವ? ನಿನ್ನ ಎದೇಲೇ ಒಂದು ಕ್ವಾರಿ ಇದೆಯಲ್ಲ."

ಹಿಡಿದವರ ಕೈ ಕೊಡವಿಕೊಂಡು ಮಾವ ನೇರ ಪೇಟೆಯ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಕೋಣೆಗೆ ನುಗ್ಗಿದ. ಯಂತ್ರ ನಡೆಸುವವನ ಕೊರಳಪಟ್ಟಿ ಹಿಡಿದು, ಆ ಅಂಕಿ ಸುಳ್ಳೆಂದು ಕೂಗುತ್ತ ಗೋಡೆಗೆ ಗುದ್ದಿದ. ಅವನ ತುಟಿ ಒಡೆದು ರಕ್ತ ಅಂಗಿಗೆ ಇಳಿಯಿತು. ಬಿಟ್ಟರೆ ಚಿತ್ರ ತೋರಿಸುತ್ತೇನೆಂದು ಅವನು ಗೋಗರೆದ.

ಪರದೆಯ ಮೇಲೆ ಸುಣ್ಣದ ಬಿಳಿ ಚುಕ್ಕೆಗಳಿಗೆಲ್ಲ ಬಾಲ ಬೆಳೆದಿತ್ತು. ಎದೆ ಅಲುಗಿದರೆ ಹಾಗಾಗುತ್ತದೆ, ಇದ್ದದ್ದಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗುತ್ತದೆ, ಅಂದು ಸರತಿ ಉದ್ದವಿತ್ತು, ತಾನು ಸರಿಯಾಗಿ ನೋಡಲಿಲ್ಲ ಎಂದು ಅವನು ಒಪ್ಪಿಕೊಂಡ. "ಉಸಿರು ಹಿಡಿ ಅಂದಾಗ ಹೇಗೆ ಹಿಡಿದೆ? ಈಗೊಮ್ಮೆ ತೋರಿಸು."

ಮಾವ ತಲೆ ತಗ್ಗಿಸಿ ಬಾಯಿ ಅಗಲವಾಗಿ ತೆರೆದ. ಬಂಡೆ ಸಿಡಿಯುವಾಗ ಕಿವಿಯ ತಮಟೆ ಒಡೆಯದಿರಲೆಂದು ಕ್ವಾರಿಯವರೆಲ್ಲ ಹಾಗೆಯೇ ಕಾಯುತ್ತಾರೆ. ಉಸಿರು ನಿಂತಿರಲೇ ಇಲ್ಲ. ತೆರೆದ ಬಾಯಿಂದ ಮೆಲ್ಲಗೆ ಸೋರುತ್ತಿತ್ತು.

ಬಾಯಿ ಮುಚ್ಚಿಸಿ ಮತ್ತೆ ಮಲಗಿಸಿದಾಗ ತೊಂಬತ್ತಾರು ಬಂತು. ನಾಳೆ ತೆಗೆದರೆ ಇದೂ ಹತ್ತು ಹೆಚ್ಚು, ಹತ್ತು ಕಡಿಮೆ ಆದೀತು, ಮುನ್ನೂರಂತೂ ಮುಟ್ಟುವುದಿಲ್ಲ ಎಂದ ಯಂತ್ರದವನು.

ಧಣಿ ಆ ಕಾಗದವನ್ನು ಎರಡು ಸಲ ಓದಿದ. "ಎದೆ ಸರಿ ಇದೆ ಬಿಡು. ಆದ್ರೆ ಸಿಟ್ಟು ಬಂದ್ರೆ ಹಾರೆ ಎತ್ತೋನಿಗೆ ನಾನು ಮದ್ದು ಕೊಡಲ್ಲ."

ಆ ಕಾಗದ ಹಿಡಿದು ಮಾವ ಅಕ್ಕನ ಮನೆಗೆ ಹೋದ. ಒಳಗೆ ಅಳಿಯ ನರಳುತ್ತಿದ್ದ. ತಪ್ಪು ಅಂಕಿಯ ಕತೆಯನ್ನು ಮಾವ ಹೇಳತೊಡಗುವಷ್ಟರಲ್ಲಿ ಅಕ್ಕ ಕಾಗದ ಕಸಿದು ಹರಿದು ಹಾಕಿದಳು. ಆಮೇಲೆ ಕೆನ್ನೆಗೆ, ಎದೆಗೆ, ಸಿಕ್ಕಲ್ಲಿ ಹೊಡೆದಳು. ಅವಳ ಕೈ ಸೋಲುವವರೆಗೂ ಅವನು ಹೊಸ್ತಿಲಲ್ಲಿ ಕದಲದೆ ನಿಂತಿದ್ದ.