ಪ್ರೂಫಿಗೆ ಸಹಿ ಬಿದ್ದ ಜಾಲತಾಣ

ನಾನು ಒಂದು ಜಾಲತಾಣ. ವೆಬ್‌ಸೈಟು ಎಂದು ಕರೆದರೂ ಓಗೊಡುತ್ತೇನೆ. ಗದಗಿನ ತೊಂಡಿಹಾಳ ಪ್ರಿಂಟರ್ಸ್ ಎಂಬ ಮುದ್ರಣಾಲಯಕ್ಕೆ ಸೇರಿದ್ದೇನೆ. ನೀವು ನನ್ನನ್ನು ನೋಡಿರುವ ಸಂಭವ ಕಡಿಮೆ. ನೋಡಿದ್ದರೂ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತಿರಲಾರಿರಿ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ದೂರಬೇಕಾದವರ ಪಟ್ಟಿ ನನ್ನ ಬಳಿ ಬೇರೆಯೇ ಇದೆ.

ನಾನು ಹುಟ್ಟಿದ್ದು ಮುದ್ರಣಾಲಯದ ಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ, ಕಾಗದದ ಕಟ್ಟುಗಳ ನಡುವೆ. ಹೆತ್ತವಳು ನಾಗವೇಣಿ ಹಡಗಲಿ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ಡೈರಿಗಳ ಅಕ್ಷರ ಜೋಡಿಸುವುದು ಅವಳ ಕೆಲಸ. ಜಾಲತಾಣ ಕಟ್ಟುವುದನ್ನು ತಾನಾಗಿಯೇ ಕಲಿತಿದ್ದಳು, ಸರಿಯಾಗಿಯೇ ಕಲಿತಿದ್ದಳು. ಜಾಲತಾಣಗಳಿಗೆ ಲೋಕವೆಲ್ಲ ಒಪ್ಪಿದ ಕೆಲವು ನಿಯಮಗಳಿವೆ. ಅವಕ್ಕೆ ವೆಬ್ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಅಕ್ಷರ ಅಕ್ಷರವಾಗಿಯೇ ಇರಬೇಕು. ಶೀರ್ಷಿಕೆಗೆ ಇದು ಶೀರ್ಷಿಕೆ ಎಂಬ ಗುರುತು ಬೇಕು. ಚಿತ್ರ ಹಾಕಿದರೆ ಅದರಲ್ಲಿ ಏನಿದೆ ಎಂದು ಮಾತಿನಲ್ಲಿ ಬರೆದಿಡಬೇಕು. ಪರದೆ ಗೋಡೆಯಷ್ಟಿರಲಿ, ಅಂಗೈಯಷ್ಟಿರಲಿ, ಅದಕ್ಕೆ ಹೊಂದಿಕೊಳ್ಳಬೇಕು. ದೊಡ್ಡ ವಿದ್ಯೆಯೇನಲ್ಲ, ಮನೆಗೆ ಬಂದವರಿಗೆ ನೀರು ಕೊಡುವಷ್ಟು ಸಾಮಾನ್ಯ ಮರ್ಯಾದೆ.

ನನ್ನನ್ನು ಮೊದಲು ಪರೀಕ್ಷೆ ಮಾಡಿದವರು ಮಲ್ಲೇಶಪ್ಪ ಕಟಗಿ. ಅವರು ಅದೇ ಮುದ್ರಣಾಲಯದಲ್ಲಿ ಮೂವತ್ತೈದು ವರ್ಷ ಅಚ್ಚಿನ ಮೊಳೆ ಜೋಡಿಸಿದವರು, ಅಚ್ಚಿಗೆ ಮುಂಚಿನ ಕರಡು ಪ್ರತಿಯಾದ ಪ್ರೂಫ್ ತಿದ್ದಿದವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣನ್ನು ತಿಂದುಹಾಕಿತ್ತು. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವನ್ನು ನಾಗವೇಣಿ ಅವರ ಫೋನಿಗೆ ಹಾಕಿಕೊಟ್ಟಿದ್ದಳು. ಅವರು ಫೋನನ್ನು ಕಿವಿಗೆ ಹಿಡಿದು ನನ್ನನ್ನು ಮೇಲಿಂದ ಕೆಳಗಿನವರೆಗೆ ಕೇಳಿದರು.

"ನಾಗವೇಣಿ, 'ನಮ್ಮಲ್ಲಿ ನಮ್ಮಲ್ಲಿ' ಅಂತ ಎರಡ ಸಲ ಅಂತು ನೋಡವ್ವ. ಒಂದ ತಗಿ. ಫೋನ್ ನಂಬರ್ ಇನ್ನೊಮ್ಮೆ ಕೇಳಸು. ಹಾಂ, ಬರೋಬ್ಬರಿ ಐತಿ."

ಗಿರಾಕಿಗಳು ಲಗ್ನಪತ್ರಿಕೆಯ ಮಜಕೂರನ್ನು ನನ್ನ ಆರ್ಡರ್ ಪುಟದಲ್ಲೇ ಟೈಪು ಮಾಡುತ್ತಿದ್ದರು. ಮಲ್ಲೇಶಪ್ಪ ಅದನ್ನು ಕೇಳಿ, ವರನ ಅಜ್ಜನ ಹೆಸರು ಬಿಟ್ಟುಹೋಗಿದ್ದರೆ, ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ ಹಿಡಿದು ಹೇಳುತ್ತಿದ್ದರು. ಕಣ್ಣು ಹೋದ ಮೇಲೂ ಅವರಿಗೆ ಕೆಲಸ ಉಳಿದದ್ದು ಹೀಗೆ. ಅವರ ಅನ್ನ ನನ್ನ ಅಕ್ಷರಗಳ ಮೇಲೆ ನಿಂತಿತ್ತು.

ಇನ್ನು ಮಾಲೀಕರು. ಚನ್ನವೀರಪ್ಪ ತೊಂಡಿಹಾಳ, ಎಲ್ಲರ ಬಾಯಲ್ಲೂ ಸಾಹುಕಾರರು. ಈ ಮನುಷ್ಯ ನನ್ನನ್ನು ಪರದೆಯ ಮೇಲೆ ನೋಡಲೇ ಇಲ್ಲ. "ಪ್ರೂಫ್ ತಗಿ" ಎಂದರು. ನನ್ನನ್ನು ದೊಡ್ಡ ಹಾಳೆಯ ಮೇಲೆ ಮೂರು ಕಾಲಮ್ಮಿನಲ್ಲಿ ಮುದ್ರಿಸಿ ಕೊಟ್ಟರು. ಸಾಹುಕಾರರು ಕೆಂಪು ಪೆನ್ನಿನಲ್ಲಿ 'ಓಕೆ' ಎಂದು ಬರೆದು, ಸಹಿ ಹಾಕಿ, ಶಿಕ್ಕಾ ಹೊಡೆದರು. ಜಾಲತಾಣಕ್ಕೆ ಶಿಕ್ಕಾ ಹೊಡೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ತಿಂಗಳ ಬಳಿಕ ಯಾವುದೋ ಮದುವೆ ಮನೆಯಲ್ಲಿ ಅವರ ಬೀಗರು ನನ್ನನ್ನು ಫೋನಿನಲ್ಲಿ ತೆರೆದು ತೋರಿಸಿದರಂತೆ. ಸಾಹುಕಾರರು ಊಟ ಬಿಟ್ಟು ಓಡಿ ಬಂದರು.

"ನಾ ಸಹಿ ಮಾಡಿದ್ದು ಮೂರು ಕಾಲಮ್ಮಿಗೆ. ಫೋನಿನಾಗ ಒಂದ ಕಾಲಮ್ ಐತಿ. ನನ್ನ ಕೇಳದ ಯಾರು ಬದಲಿ ಮಾಡಿದ್ರು?"

"ಯಾರೂ ಮಾಡಿಲ್ರಿ. ಪರದೆ ಸಣ್ಣದಿದ್ರ ಅದ ತಾನ ಹೊಂದಕೋತೈತ್ರಿ. ಸ್ಟ್ಯಾಂಡರ್ಡ್ ಪ್ರಕಾರ ಹಂಗ ಇರಬೇಕ್ರಿ," ಎಂದಳು ನಾಗವೇಣಿ.

"ಯಾರ ಸ್ಟ್ಯಾಂಡರ್ಡ್? ಸಹಿ ಬಿದ್ದ ಪ್ರೂಫ್ ಒಂದ ಕೂದಲೆಳಿ ಸರೀಬಾರದು. ಅದ ಈ ಪ್ರೆಸ್ಸಿನ ಸ್ಟ್ಯಾಂಡರ್ಡ್!"

ಹುಟ್ಟಿದಾಗಿನಿಂದ ಕಾಗದವನ್ನೇ ನೋಡಿದವರು. ಕಾಗದವಲ್ಲದ್ದೂ ಲೋಕದಲ್ಲಿದೆ ಎಂಬ ಸುದ್ದಿ ಅವರಿಗೆ ಇನ್ನೂ ಮುಟ್ಟಿರಲಿಲ್ಲ.

ಸರಿಪಡಿಸಲು ರಮಾಕಾಂತ ಪೋತದಾರ ಬಂದ. ಊರಿನ ಅರ್ಧ ಲಗ್ನಪತ್ರಿಕೆಗಳ ಬಂಗಾರದ ಬಳ್ಳಿ ಬಿಡಿಸಿದ ಕಲಾವಿದ. ಕೋಣೆಯೊಳಗೂ ತಂಪು ಕನ್ನಡಕ ತೆಗೆಯುತ್ತಿರಲಿಲ್ಲ. ನನ್ನಲ್ಲಿದ್ದ ಮಜಕೂರನ್ನೆಲ್ಲ ಹೊಸದಾಗಿ ಟೈಪು ಮಾಡಿ, ಸುತ್ತ ಬಳ್ಳಿ ಸುತ್ತಿ, ನಡುವೆ ಸಾಹುಕಾರರ ಭಾವಚಿತ್ರ ಕೂರಿಸಿ, ಎಲ್ಲವನ್ನೂ ಒಂದೇ ಚಿತ್ರ ಮಾಡಿ ನನ್ನ ಮೇಲೆ ಅಂಟಿಸಿದ. ಅದಕ್ಕೂ ಪ್ರೂಫ್ ತೆಗೆದರು, ಅದಕ್ಕೂ ಸಹಿ ಬಿತ್ತು. ಆರ್ಡರ್ ಫಾರ್ಮೂ ಚಿತ್ರವಾಯಿತು. ಗಿರಾಕಿಗಳು ಖಾಲಿ ಚೌಕಗಳ ಮೇಲೆ ಬೆರಳಿನಿಂದ ಕುಟ್ಟಿ ಕುಟ್ಟಿ ಬೇಸತ್ತು ಹೋದರು. ಫೋನಿನಲ್ಲಿ ಮೂರು ಕಾಲಮ್ಮೂ ಇದ್ದವು, ಅಕ್ಷರ ಮಾತ್ರ ಸಾಸಿವೆಗಿಂತ ಸಣ್ಣ. ಸಾಹುಕಾರರಿಗೆ ಪರಮಾನಂದ. ಓದಲು ಬಾರದಿದ್ದರೇನು, ಸಹಿ ಮಾಡಿದ್ದು ಹಾಗೆಯೇ ಇತ್ತಲ್ಲ!

ಮರುದಿನ ಮಲ್ಲೇಶಪ್ಪ ಎಂದಿನಂತೆ ಫೋನನ್ನು ಕಿವಿಗೆ ಹಿಡಿದರು. ಅದು "ಚಿತ್ರ" ಎಂದು ಹೇಳಿ ಸುಮ್ಮನಾಯಿತು. ನನ್ನೊಳಗೆ ಓದಿ ಹೇಳಲು ಒಂದು ಅಕ್ಷರವೂ ಉಳಿದಿರಲಿಲ್ಲ. ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? "ಕೆಲಸ ಬಂದಾಗ ಹೇಳಿ ಕಳಸ್ತೀನಿ ಮಲ್ಲೇಶಪ್ಪ," ಎಂದರು ಸಾಹುಕಾರರು. ಎಂಟು ತಿಂಗಳು ಹೇಳಿ ಕಳಿಸಲಿಲ್ಲ.

ಆ ಎಂಟು ತಿಂಗಳಲ್ಲಿ ಆರ್ಡರುಗಳೂ ಬತ್ತಿದವು. ಗೂಗಲ್‌ನಲ್ಲಿ ಹುಡುಕಿದವರಿಗೆ ನಾನು ಸಿಗುತ್ತಿರಲಿಲ್ಲ. ಅಕ್ಷರವಿಲ್ಲದ ಪುಟದಲ್ಲಿ ಅದು ಏನನ್ನು ಹುಡುಕೀತು? ಸಾಹುಕಾರರು ದೃಷ್ಟಿ ತಾಗಿದೆ ಎಂದು ತೀರ್ಮಾನಿಸಿ, ನನ್ನ ನೆತ್ತಿಯ ಮೇಲೆ ಮಿಣಕ್ ಮಿಣಕ್ ಎನ್ನುವ 'ಸುಸ್ವಾಗತ'ದ ಚಿತ್ರವೊಂದನ್ನು ಹಾಕಿಸಿದರು.

ಒಂದು ದಿನ ಗಜೇಂದ್ರಗಡದ ನೇಕಾರರ ಸಂಘದ ಕಾರ್ಯದರ್ಶಿ ಸುಮಿತ್ರಾಬಾಯಿ ಮಾಳಿಗೆಯ ಮೆಟ್ಟಿಲು ಹತ್ತಿ ಬಂದರು.

"ಎರಡ ವಾರ ನಿಮ್ಮ ವೆಬ್‌ಸೈಟಿನಾಗಿನ ನಂಬರಿಗೆ ಫೋನ್ ಮಾಡೀನ್ರಿ. ಪ್ರತಿ ಸಲ ಕೊಪ್ಪಳದ ಪಂಕ್ಚರ್ ಅಂಗಡಿಯವ ಎತ್ತತಾನ. ನಮ್ಮ ಡೈರಿಗೆ ಎಷ್ಟು ಪುಟ, ಎಂಥಾ ರಟ್ಟು ಅಂತ ಪಾಪ ಅವಗ ಬಾಯಿಪಾಠ ಆಗೇತಿ. ಆರ್ಡರ್ ಹುಬ್ಬಳ್ಳಿಗೆ ಕೊಟ್ಟೀವಿ. ಇಷ್ಟು ಹೇಳಿ ಹೋಗೂಣು ಅಂತ ಬಂದೆ."

ಪೋತದಾರ ನಂಬರಿನಲ್ಲಿ ಒಂದಿದ್ದಲ್ಲಿ ಏಳು ಹೊಡೆದಿದ್ದ. ಆ ಚಿತ್ರಕ್ಕೆ ತೆಗೆದಿದ್ದ ಪ್ರೂಫ್ ತರಿಸಿದರು. ತಪ್ಪು ನಂಬರಿನ ಕೆಳಗೇ ಸಾಹುಕಾರರ ಸಹಿ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಸಹಿ ಬರೋಬ್ಬರಿ ಐತಲ್ಲ," ಎಂದರು.

ತಿದ್ದೋಣವೆಂದರೆ ಮೂಲ ಫೈಲನ್ನು ಪೋತದಾರ ಕಳೆದುಕೊಂಡಿದ್ದ. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಅದರ ಮೇಲೆ ಸಣ್ಣ ಚೀಟಿ ಅಂಟಿಸುವುದು ಮುದ್ರಣಾಲಯದ ರೂಢಿ. "ಚೀಟಿ ಅಂಟಸು," ಎಂದು ಅಪ್ಪಣೆಯಾಯಿತು. ವಾದಿಸಿ ಸುಸ್ತಾಗಿದ್ದ ನಾಗವೇಣಿ ಸರಿಯಾದ ನಂಬರಿನ ಬಿಳಿ ಪಟ್ಟಿಯೊಂದನ್ನು, ಅದನ್ನೂ ಚಿತ್ರವಾಗಿಯೇ, ಹಳೆಯ ಚಿತ್ರದ ಮೇಲೆ ಕೂರಿಸಿದಳು. ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಕುಳಿತಿತು. ಫೋನಿನಲ್ಲಿ ಮಾತ್ರ ಜಾರಿ ಹೋಗಿ ಸಾಹುಕಾರರ ಭಾವಚಿತ್ರದ ಮೇಲೆ, ಕಣ್ಣಿನಿಂದ ಮೀಸೆಯವರೆಗೆ ಮುಚ್ಚಿಕೊಂಡು ನಿಂತಿತು. ನನ್ನ ಮೈಮೇಲೆ ನಾನು ಮನಸಾರೆ ಮೆಚ್ಚಿದ ಅಲಂಕಾರ ಅದೊಂದೇ.

ಈಗ ಸಾಹುಕಾರರಿಗೆ ಹೆದರಿಕೆ ಹತ್ತಿತು. ಒಂದು ತಪ್ಪು ಇದ್ದರೆ ಇನ್ನೆಷ್ಟಿವೆಯೋ! ಮಲ್ಲೇಶಪ್ಪನವರಿಗೆ ಹೇಳಿ ಕಳಿಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಾಗವೇಣಿಯ ತೋಳು ಹಿಡಿದು ಅವರು ಮೆಟ್ಟಿಲು ಹತ್ತಿದರು.

"ಇದರಾಗಿನ ತಪ್ಪೆಲ್ಲಾ ಹಿಡದು ಕೊಡು. ನಾಳಿಂದ ನಿನ್ನ ಕೆಲಸ ನಿನಗ," ಎಂದರು ಸಾಹುಕಾರರು.

ಮಲ್ಲೇಶಪ್ಪ ಫೋನನ್ನು ಕಿವಿಗೆ ಹಿಡಿದು ಬೆರಳಾಡಿಸಿದರು. "ಚಿತ್ರ," ಎಂದಿತು. ಇನ್ನೊಮ್ಮೆ ಆಡಿಸಿದರು. "ಚಿತ್ರ." ಒಂದೇ ಒಂದು ಶಬ್ದ ಕೊಡಲು ನಾನು ಒಳಗೊಳಗೇ ಒದ್ದಾಡಿದೆ. ಕೊಡಲು ನನ್ನಲ್ಲಿ ಏನಿತ್ತು?

"ಕಾಕಾ, ನಾ ಓದತೀನಿ, ನೀವು ತಪ್ಪು ಹೇಳ್ರಿ," ಎಂದು ನಾಗವೇಣಿ ಪಿಸುಗುಟ್ಟಿದಳು. ಅವರು ಬೇಡವೆಂದು ತಲೆ ಅಲ್ಲಾಡಿಸಿದರು.

"ಎಷ್ಟು ತಪ್ಪದಾವ?" ಸಾಹುಕಾರರಿಗೆ ತಡೆಯಲಾಗಲಿಲ್ಲ.

"ಒಂದೂ ಇಲ್ರಿ ಸಾಹುಕಾರ್ರ. ಅಕ್ಷರ ಇದ್ದಲ್ಲಿ ತಪ್ಪು ಇರತಾವ. ಇದರಾಗ ಏನೂ ಇಲ್ಲ."

ಸಾಹುಕಾರರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಮುಖ ಅರಳಿತು. "ನೋಡಿದ್ಯೇನ ನಾಗವೇಣಿ? ಒಂದೂ ಇಲ್ಲಂತ! ಹಂಗಾರ ಮಲ್ಲೇಶಪ್ಪ, ತಪ್ಪ ಇಲ್ಲಂದ ಮ್ಯಾಲ ತಪ್ಪು ಹಿಡಿಯಾವ ನಮಗ್ಯಾಕ ಬೇಕು?"

ನಾಗವೇಣಿ ಕಂಪ್ಯೂಟರ್ ಆರಿಸಿದಳು. ಮಲ್ಲೇಶಪ್ಪನವರ ಕೈ ಹಿಡಿದು ಮೆಟ್ಟಿಲಿಳಿದು ಹೋದಳು. ಮತ್ತೆ ಬರಲಿಲ್ಲ. ಬೆಟಗೇರಿಯಲ್ಲಿ ಸಣ್ಣದೊಂದು ಅಂಗಡಿ ಹಾಕಿ, ನನ್ನನ್ನು ಮೊದಲು ಕಟ್ಟಿದ ಹಾಗೆಯೇ ಇನ್ನೊಂದು ಜಾಲತಾಣ ಕಟ್ಟಿದ್ದಾಳೆ ಎಂದು ಕೆಳಗೆ ಅಚ್ಚಿನ ಯಂತ್ರ ನಡೆಸುವವರು ಮಾತಾಡಿಕೊಳ್ಳುತ್ತಾರೆ. ಅಲ್ಲಿ ಮಲ್ಲೇಶಪ್ಪ ದಿನವಿಡೀ ಕಿವಿಗೆ ಫೋನು ಹಿಡಿದು ಕೂರುತ್ತಾರಂತೆ. ಗಜೇಂದ್ರಗಡದ ಡೈರಿಯೂ ಈಗ ಅಲ್ಲಿಗೇ ಹೋಗುತ್ತದಂತೆ. ಆ ಇನ್ನೊಂದು ತಾಣದ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಅದನ್ನು ಮುಚ್ಚಿಡುವುದಿಲ್ಲ.

ನನಗೆ ವಯಸ್ಸಾಯಿತು. ಜಾಲತಾಣಗಳಿಗೆ ಗುಜರಿ ಅಂಗಡಿಯೂ ಇಲ್ಲ. ಯಾವುದೋ ದೂರದ ಯಂತ್ರದ ಮೂಲೆಯಲ್ಲಿ 'ಸುಸ್ವಾಗತ' ಮಿಣುಕಿಸುತ್ತ ಬಿದ್ದಿದ್ದೇನೆ. ವ್ಯಾಪಾರಸ್ಥರಿಗೆ ಈ ಸ್ಟ್ಯಾಂಡರ್ಡು ಗಿಂಡರ್ಡು ಬೇಕೇ ಎಂದು ಇನ್ನೂ ಚರ್ಚೆ ನಡೆಸುವವರಿದ್ದಾರಂತೆ. ನಡೆಸಲಿ. ಬಾಗಿಲು ಇಡಬೇಕಾದಲ್ಲಿ ಬಾಗಿಲಿನ ಚಿತ್ರ ಬರೆಸಿಕೊಂಡು, ಯಾರೂ ಒಳಗೆ ಬರುವುದಿಲ್ಲವಲ್ಲ ಎಂದು ಕೊರಗುವವರಿಗೆ ನಾನು ಹೇಳುವುದೇನಿದೆ?

ಸಾಹುಕಾರರು ಮಾತ್ರ ಮುದ್ರಣಾಲಯಕ್ಕೆ ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾರೆ. "ನಮ್ಮ ವೆಬ್‌ಸೈಟಿನಾಗ ಒಂದ ತಪ್ಪಿಲ್ಲ. ಸ್ವತಃ ಮಲ್ಲೇಶಪ್ಪ ಹೇಳ್ಯಾನ." ಬರುವವರು ಕಡಿಮೆಯಾದ್ದರಿಂದ, ಈಗೀಗ ಗೋಡೆಗೆ ಹೇಳುತ್ತಾರೆ.