ಕೋಟುಗಳ ಮೂಲೆ

“ಲಿಯಾಂಡರ್, ಆ ಮೂಲೆ ಇರೋದು ಕೋಟು ಹಾಕೋಕೆ ಕಣಯ್ಯ. ಪೌರನೀತಿ ಪಾಸಾದೋರು ಯಾವುದಾದ್ರೂ ಹೆಸರಿನ ಕೆಳಗೆ ಹೋಗಿ ನಿಂತ್ಕೋತಾರೆ. ಓ, ಮರ್ತೇ ಹೋಗಿತ್ತು. ನೀನು ಪಾಸಾಗ್ಲಿಲ್ಲ, ಅಲ್ವಾ?”

ಥೀಲೆನ್ ಮೇಷ್ಟ್ರು ಬರೀ ಬಾಯಲ್ಲಿ ಹೇಳಿದ್ದರೆ ಹತ್ತು ಜನಕ್ಕೆ ಕೇಳುತ್ತಿತ್ತು. ಆದರೆ ಅವರ ಕೈಯಲ್ಲಿ ಮೈಕಿತ್ತು. ಶಾಲೆಯೊಳಗಿನ ಬ್ಯಾಸ್ಕೆಟ್‌ಬಾಲ್ ಅಂಗಳ ತುಂಬಾ ನಮ್ಮ ವಾರ್ಡಿನ ನೂರಿಪ್ಪತ್ತು ಜನ ಘೊಳ್ಳೆಂದರು. ನಗಲಿ. ನಾನು ಹದಿನಾರಕ್ಕೇ ಇದೇ ಶಾಲೆ ಬಿಟ್ಟು ಮನೆಗಳಿಗೆ ಮಾಡು ಹೊದಿಸೋ ಕೆಲಸಕ್ಕೆ ಹೋದವನು. ಅವರು ಯಾವ ಮಾಡಿನ ಕೆಳಗೆ ಬೆಚ್ಚಗೆ ನಿಂತು ಹಲ್ಲು ಕಿರಿಯುತ್ತಿದ್ದರೋ ಅದನ್ನು ಹೊದಿಸಿದ್ದೂ ನಮ್ಮ ತಂಡವೇ. ಕಿವಿ ಕಾದ ಬಾಣಲೆಯಂತಾಯಿತು. ಆದರೂ ಜಾಗ ಬಿಡಲಿಲ್ಲ.

ಅಯೋವಾದಲ್ಲಿ ನಾವು ಮುಚ್ಚಿದ ಪೆಟ್ಟಿಗೆಗೆ ಚೀಟಿ ಹಾಕಿ ಮನೆಗೆ ಓಡುವವರಲ್ಲ. ನಮ್ಮ ಪಕ್ಷದ ಕಾಕಸ್, ಅಂದರೆ ಅಭ್ಯರ್ಥಿ ಆರಿಸುವ ಸಭೆಯ ದಿನ, ದೇಶದ ಅಧ್ಯಕ್ಷ ಪದವಿಗೆ ಆಸೆಪಟ್ಟವರ ಹೆಸರುಗಳನ್ನು ಗೋಡೆಗೆ ಅಂಟಿಸುತ್ತಾರೆ. ನಿನಗೆ ಯಾರು ಬೇಕೋ ಅವರ ಕೆಳಗೆ, ಎಲ್ಲರ ಕಣ್ಣೆದುರು, ನಿನ್ನ ಕಾಲ ಮೇಲೆ ನೀನು ನಿಂತುಕೊಳ್ಳಬೇಕು. ಗುಂಪಿಗೆ ಸಾಕಷ್ಟು ತಲೆ ಸೇರದಿದ್ದರೆ ಗುಂಪು ಮುರಿಯುತ್ತದೆ. ಬೇರೆ ಗುಂಪಿಗೆ ಹೋಗು, ಇಲ್ಲವೇ ಮನೆಗೆ ಹೋಗು. “ಇನ್ನೂ ಯಾರಿಗೂ ಇಲ್ಲ” ಅಂತಲೂ ಒಂದು ಹಾಳೆ ಇರುತ್ತದೆ. ಈ ಸಲ ಅದನ್ನು ಕೋಟುಗಳ ರಾಶಿಯ ಮೇಲೆ ಅಂಟಿಸಿದ್ದರು. ಅದರ ಕೆಳಗೆ ನಾನೊಬ್ಬನೇ.

ಯಾಕೆ ಅಂದರೆ ನನ್ನದು ಒಂದೇ ಪ್ರಶ್ನೆ. ಆ ಚಳಿಗಾಲದಲ್ಲಿ ಊರಿಗೆ ಬಂದ ಪ್ರತಿಯೊಬ್ಬ ಅಭ್ಯರ್ಥಿಯನ್ನೂ ಹುಡುಕಿಕೊಂಡು ಹೋಗಿ ಕೇಳಿದ್ದೆ: “ಹೊಟ್ಟೆಯೊಳಗಿರೋ ಕೂಸಿನ ಪರವಾಗಿ ಒಂದು ಮಾತಾಡ್ತೀರಾ?” ಅವರಲ್ಲೊಬ್ಬಳಾದ ಸೆನೆಟರಮ್ಮ ನನ್ನ ಕಣ್ಣು ನೋಡಿಕೊಂಡೇ ಹೇಳಿದಳು, “ಇಲ್ಲಪ್ಪ. ಅದು ಹೆಂಗಸು ತೀರ್ಮಾನ ಮಾಡಬೇಕಾದ್ದು. ನೀನು ನನಗೆ ವೋಟು ಹಾಕಲ್ಲ ಅಂತ ಗೊತ್ತು.” ಕೋಪ ಬಂತು, ಅವಳ ಮೇಲೆ ಗೌರವವೂ ಹುಟ್ಟಿತು. ಇನ್ನೊಬ್ಬ ಅಭ್ಯರ್ಥಿ ಗವರ್ನರು ಮಾತ್ರ “ಒಳ್ಳೇ ಪ್ರಶ್ನೆ, ಬಹಳ ಒಳ್ಳೇ ಪ್ರಶ್ನೆ” ಅಂದು ಕಾಫಿ ಕುಡಿದ. ಪೂರ್ತಿ ಕಪ್ಪು ಕುಡಿದ. ನಾನು ಕಾಯುತ್ತಲೇ ಇದ್ದೆ.

ಆ ಇನ್ನೊಂದು ಪಕ್ಷಕ್ಕೆ ಹೋಗಬಾರದಾ ಅಂತ ಕೇಳುತ್ತಾರೆ. ಕೂಸಿನ ಬಗ್ಗೆ ಅವರು ನನ್ನ ಮಾತನ್ನೇ ಆಡುತ್ತಾರೆ, ನಿಜ. ಅದೇ ಉಸಿರಲ್ಲಿ ನಮ್ಮ ಯೂನಿಯನ್‌ನವರನ್ನು ಕಳ್ಳರು ಅನ್ನುತ್ತಾರೆ. ನಮ್ಮಪ್ಪ ಕಸಾಯಿಖಾನೆಯಲ್ಲಿ ಬೆನ್ನು ಮುರಿದುಕೊಂಡಾಗ ಮನೆಗೆ ಊಟ ಬಂದದ್ದು ಯೂನಿಯನ್‌ನಿಂದ. ಎರಡನ್ನೂ ಒಟ್ಟಿಗೆ ಹೇಳುವ ಒಬ್ಬ ಮನುಷ್ಯ ನನಗೆ ಬೇಕು. ಇಲ್ಲ ಅಂದರೆ ಕೋಟುಗಳ ಜೊತೆ ನಿಲ್ಲುತ್ತೇನೆ.

ಈ ಹಟಕ್ಕೆ ಮೂಲ ನನ್ನಣ್ಣ ಆಲ್ಬನ್. ಅವನು ಹೊಟ್ಟೆಯಲ್ಲಿದ್ದಾಗ ಡಾಕ್ಟರು ಅಮ್ಮನನ್ನು ಕೂರಿಸಿ, ಮಗುವಿಗೆ ಡೌನ್ ಸಿಂಡ್ರೋಮ್ ಇದೆ, ಬೇಡ ಅನ್ನಿಸಿದರೆ ಈಗಲೇ ಹೇಳಿ ಅಂದಿದ್ದರಂತೆ. ಅಮ್ಮ ಕೈಚೀಲ ಎತ್ತಿಕೊಂಡು ಎದ್ದು ಬಂದಳಂತೆ. ಈಗ ಅವನಿಗೆ ಇಪ್ಪತ್ಮೂರು. ದಿನಸಿ ಅಂಗಡಿಯಲ್ಲಿ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬುತ್ತಾನೆ. ಊರಲ್ಲಿ ಯಾರ ಮನೆಯಲ್ಲಿ ಜಗಳ, ಯಾರು ಡಯಟ್ ಅಂದುಕೊಂಡು ಐಸ್‌ಕ್ರೀಮ್ ಒಯ್ಯುತ್ತಾರೆ, ಎಲ್ಲ ಅವನಿಗೆ ಗೊತ್ತು. ಅವನಿಲ್ಲದ ನಮ್ಮ ಮನೆಯನ್ನು ನೆನೆಸಿಕೊಳ್ಳಲು ನನ್ನಿಂದ ಆಗುವುದಿಲ್ಲ. ನನ್ನ ರಾಜಕೀಯ ಅಷ್ಟೇ.

ಅಂಥ ಅಣ್ಣ ಆವತ್ತು ಎಲ್ಲಿ ನಿಂತಿದ್ದ? ಗವರ್ನರ ಹೆಸರಿನ ಕೆಳಗೆ, ಥೀಲೆನ್ ಮೇಷ್ಟ್ರ ಪಕ್ಕದಲ್ಲಿ, ಗದ್ದಕ್ಕೆಲ್ಲ ಚಾಕ್ಲೇಟು ಮೆತ್ತಿಕೊಂಡು.

ಮೊದಲು ನನ್ನ ಕಡೆ ಬಂದವರು ಇಬ್ಬರು ಮುದಿ ಸನ್ಯಾಸಿನಿಯರು. ಸಿಸ್ಟರ್ ಹಿಲ್ಡಗಾರ್ಡ್ ಕೋಟಿನ ರಾಶಿಯ ಮೇಲೆ ಕೂತೇಬಿಟ್ಟರು. “ಹೆಚ್ಚು ಹೊತ್ತು ನಿಲ್ಲಕ್ಕಾಗಲ್ಲ ಮಗಾ. ಬೇಗ ಗೆಲ್ಲು.” ಆಮೇಲೆ ನನ್ನ ಜೊತೆ ಮಾಡು ಹೊದಿಸುವ ಡೆಲ್ಮರ್ ಬಂದ.

“ನೀನ್ಯಾಕೋ ಬಂದೆ? ನಿನಗೆ ಈ ವಿಷಯದ ಬಗ್ಗೆ ತಲೆನೇ ಇಲ್ಲವಲ್ಲ.”

“ತಲೆ ಲೆಕ್ಕಕ್ಕೆ ತಾನೇ ಬೇಕು? ತಗೋ, ಒಳಗೇನಿದೆ ಅಂತ ಕೇಳಬೇಡ. ಅಲ್ಲದೆ ಆ ಮೇಷ್ಟ್ರು ನನ್ನನ್ನೂ ಫೇಲ್ ಮಾಡಿದ್ರು.”

ಆ ಮಾತಿಗೆ ಇನ್ನಿಬ್ಬರು ಫೇಲಾದವರು ನಗುತ್ತಾ ಬಂದರು. ಹಂದಿ ಸಾಕುವ ಗಂಡಹೆಂಡಿರು ತಮ್ಮ ಮೂವರು ದೊಡ್ಡ ಗಂಡುಮಕ್ಕಳನ್ನು ಎಳೆದುಕೊಂಡು ಬಂದರು. ಒಬ್ಬ ಮಗ ಗೊಣಗಿದ, “ನಾನು ಸೆನೆಟರಮ್ಮನ ಕಡೆಯವನು ಕಣಮ್ಮ.” ತಾಯಿ, “ಹಾಗಾದ್ರೆ ಹೋಗು. ರಾತ್ರಿ ಊಟಾನೂ ಅವಳ ಹತ್ರಾನೇ ಮಾಡ್ಕೋ,” ಅಂದಳು. ಅವನು ಹೋಗಿಯೂಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು, ತಾಯಿ ಕೂಡ. ಆ ಸದ್ದಿನಲ್ಲೇ ಇನ್ನೂ ಏಳು ಜನ ನಮ್ಮ ಮೂಲೆಗೆ ಜಾರಿಕೊಂಡರು.

ಸಭೆ ನಡೆಸುತ್ತಿದ್ದ ಅಂಚೆ ಕಚೇರಿಯ ಟ್ವೈಲಾ ಎಲ್ಲರ ತಲೆ ಮುಟ್ಟಿ ಎಣಿಸಿದಳು. “ಹದಿನೇಳು. ಉಳೀಬೇಕು ಅಂದ್ರೆ ಹದಿನೆಂಟು ಬೇಕು. ಈಗ ಅರ್ಧ ಗಂಟೆ ಟೈಮು. ಎಳೆದಾಡಿ, ಬೇಡ್ಕೊಳ್ಳಿ, ತಿಂಡಿ ಕೊಡಿ, ಹೊಡೆದಾಡಬೇಡಿ.”

ಒಬ್ಬರು! ನಾನು ನೇರ ಅಣ್ಣನ ಹತ್ತಿರ ನಡೆದೆ.

“ಆಲ್ಬನ್, ಬಾ ಈ ಕಡೆ.”

“ಬರಲ್ಲ.”

“ನಾನು ಅಲ್ಲಿ ನಿಂತಿರೋದೇ ನಿನಗೋಸ್ಕರ ಕಣೋ!”

“ನಾನೇನು ನಿಲ್ಲು ಅಂದ್ನಾ?”

ಯಾರೋ ಕಿಸಕ್ಕೆಂದರು. ನನ್ನ ದನಿ ಏರಿತು. “ಆ ಗವರ್ನರು ನಿನ್ನಂಥವರು ಹುಟ್ಟೋ ವಿಷಯ ಕೇಳಿದ್ರೆ ಕಾಫಿ ಕುಡೀತಾನೆ, ಗೊತ್ತಾ?”

“ಗೊತ್ತು. ನೀನು ಮೂರು ವಾರದಿಂದ ಅದನ್ನೇ ಹೇಳ್ತಿದ್ದೀಯ. ಊಟದ ಹೊತ್ತಲ್ಲೂ.” ಆಲ್ಬನ್ ಗದ್ದ ಒರೆಸಿಕೊಂಡ. “ಅವರು ಅಂಗಡಿಗೆ ಬಂದ್ರು. ನನ್ನ ಕೈ ಕುಲುಕಿದ್ರು. ಎರಡನೇ ಸಲ ಬಂದಾಗ ನನ್ನ ಹೆಸರು ಕರೆದ್ರು. ನಿಮ್ಮ ಕಡೆ ನಿಲ್ತೀನಿ ಅಂತ ನಾನು ಮಾತು ಕೊಟ್ಟಿದ್ದೀನಿ. ಕೊಟ್ಟ ಮೇಲೆ ಮುಗೀತು.”

“ನಾನು ನಿನ್ನ ತಮ್ಮ!”

“ಹೌದು. ತಮ್ಮ. ಅಂದ್ರೆ ಚಿಕ್ಕವನು. ನನಗೆ ಆರ್ಡರ್ ಮಾಡಬೇಡ.”

ಇಡೀ ಅಂಗಳ ಹೋ ಅಂತು. ಮೇಷ್ಟ್ರಂತೂ ಹೊಟ್ಟೆ ಹಿಡಿದುಕೊಂಡರು. ನಾನು ಬಾಯಿ ತೆರೆದೆ. ಕೆಟ್ಟ ಮಾತೇ ಬರುವುದಿತ್ತು. ಬರಲಿಲ್ಲ. ಊರ ತುಂಬಾ ಇವನೂ ಪೂರ್ತಿ ಮನುಷ್ಯ, ಇವನೂ ಪೂರ್ತಿ ಮನುಷ್ಯ ಅಂತ ಗಂಟಲು ಹರಿದುಕೊಂಡವನು ನಾನು. ಆ ಪೂರ್ತಿ ಮನುಷ್ಯ ಈಗ ನನ್ನೆದುರು ಸೊಂಟದ ಮೇಲೆ ಕೈಯಿಟ್ಟು, ಆಗಲ್ಲ ಹೋಗೋ ಅನ್ನುತ್ತಿದ್ದ. ಹೊಟ್ಟೆಯ ಆಳದಿಂದ ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. “ಸರಿ ಕಣಣ್ಣ, ನಿಲ್ಲು,” ಅಂದೆ. “ನಿನ್ನ ವೋಟು, ನಿನ್ನ ಕಾಲು.” ಅವನು ಅರ್ಧ ತಿಂದ ಚಾಕ್ಲೇಟು ತಿಂಡಿಯ ತುಂಡನ್ನು ನನ್ನ ಬಾಯಿಗೆ ತುರುಕಿದ.

ಹಾಗಾದರೆ ಮುಗಿಯಿತು ಅಂದುಕೊಂಡು ನನ್ನ ಮೂಲೆಗೆ ತಿರುಗಿದೆ. ಹಿಂದೆ ಯಾರೋ ನಡೆದು ಬರುವ ಸದ್ದು. ನೋಡಿದರೆ ಮಾರ್ಸೆಲಾ ಅಮ್ಮ, ಥೀಲೆನ್ ಮೇಷ್ಟ್ರ ಹೆಂಡತಿ. ಕೈಯಲ್ಲಿ ಸ್ಕಾಚರೂ ಅನ್ನೋ ಸಿಹಿತಿಂಡಿ ತುಂಬಿದ ತಟ್ಟೆ. ಪೀನಟ್ ಬಟರಿನ ಮೇಲೆ ಬೆರಳು ದಪ್ಪ ಚಾಕ್ಲೇಟು. ಗವರ್ನರ ಗುಂಪಿಗೆ ಅರ್ಧ ಜನ ಸೇರಿದ್ದೇ ಆ ತಟ್ಟೆಯ ದೆಸೆಯಿಂದ.

“ಮಾರ್ಸೆಲಾ! ಎಲ್ಲಿಗೆ?” ಮೇಷ್ಟ್ರು ಮೈಕಿನಲ್ಲೇ ಕೂಗಿದರು.

“ಆ ಮೂಲೆಗೆ.”

“ಯಾಕೆ?!”

“ಈ ಹುಡುಗ ಹೋಟೆಲಿನಲ್ಲಿ ಪ್ರಶ್ನೆ ಕೇಳಿದಾಗ ನಾನು ಪಕ್ಕದ ಟೇಬಲ್‌ನಲ್ಲಿದ್ದೆ. ಗವರ್ನರು ಒಳ್ಳೆಯವನೇ. ಆದರೆ ಉತ್ತರ ಹೇಳ್ಲಿಲ್ಲ. ಅದು ನನಗೂ ಬೇಕಿದ್ದ ಉತ್ತರ. ಹೇಳೋ ತನಕ ಇಲ್ಲಿ ನಿಂತಿರ್ತೀನಿ.”

“ನಲವತ್ತು ವರ್ಷ ನನ್ನ ಪಕ್ಕದಲ್ಲಿ ನಿಂತವಳು ನೀನು!”

“ಅದಕ್ಕೇ ಕಾಲು ನೋಯ್ತಿದೆ,” ಅಂದರು ಮಾರ್ಸೆಲಾ ಅಮ್ಮ. ಸಿಸ್ಟರ್ ಹಿಲ್ಡಗಾರ್ಡ್ ಸರಿದು ಕೋಟುಗಳ ಮೇಲೆ ಜಾಗ ಮಾಡಿಕೊಟ್ಟರು.

ಟ್ವೈಲಾ ಮತ್ತೆ ಎಣಿಸಿದಳು. “ಹದಿನೆಂಟು!” ಡೆಲ್ಮರ್ ಸಿಕ್ಕವರ ಕೋಟುಗಳನ್ನೆಲ್ಲ ಗಾಳಿಗೆ ಎಸೆದ. ಹಂದಿ ಸಾಕುವವನು ನನ್ನನ್ನು ಹೆಗಲಿಗೆ ಎತ್ತಲು ಹೋಗಿ, ಭಾರವಾಗಿ, ಇಬ್ಬರೂ ರಾಶಿಯ ಮೇಲೆ ಬಿದ್ದೆವು. ಅತ್ತ ಆಲ್ಬನ್ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದ. ತನ್ನ ಗುಂಪು ಮಾತ್ರ ಬಿಡಲಿಲ್ಲ. ಜಿಲ್ಲಾ ಸಭೆಗೆ ನಮ್ಮ ಮೂಲೆಯಿಂದ ಒಬ್ಬರು ಹೋಗಬೇಕಿತ್ತು. ಹದಿನೆಂಟು ಕೈಗಳೂ ನನ್ನತ್ತ ಬೊಟ್ಟು ಮಾಡಿದವು. ಅದರಲ್ಲಿ ಒಂದು ನನ್ನದೇ.

ಇನ್ನು ಶುರುವಾಯಿತು, ಆ ಸಭೆಯಲ್ಲಿ ನನ್ನ ವೋಟು ಪಡೆಯುವ ಓಲೈಕೆ. ಸೆನೆಟರಮ್ಮನ ಕಡೆಯವಳು ಬಂದು ಕೈ ಹಿಡಿದಳು; ಹೆರಿಗೆ ರಜೆ, ತಾಯಂದಿರಿಗೆ ಆಸ್ಪತ್ರೆ ಖರ್ಚು, ಇದಕ್ಕೆಲ್ಲ ಸೆನೆಟಿನಲ್ಲಿ ವೋಟು ಹಾಕುವವಳು ನಮ್ಮ ಸೆನೆಟರಮ್ಮನೇ ನೋಡು ಅಂದಳು. ಒಳ್ಳೆಯ ಮಾತೇ. ಪೂರ್ತಿ ಮಾತಲ್ಲ. ಗವರ್ನರ ಕಡೆಯಿಂದ ಖುದ್ದು ಮೇಷ್ಟ್ರೇ ಬಂದರು. ಈ ಸಲ ಮೈಕಿರಲಿಲ್ಲ. ಹೆಂಡತಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

“ನೋಡು ಲಿಯಾಂಡರ್, ಕೊನೇಗೆ ಯಾರಾದ್ರೂ ಒಬ್ಬರನ್ನ ಆರಿಸ್ಲೇಬೇಕಲ್ಲ. ಪೂರ್ತಿ ನಿನ್ನ ಮನಸ್ಸಿನಂಥವನು ಎಲ್ಲೂ ಸಿಗಲ್ಲ. ಸಿಗದಿದ್ರೆ ಏನು ಮಾಡ್ತೀಯ? ಹೇಳು, ನಿಜವಾಗಿ ಕೇಳ್ತಿದ್ದೀನಿ.”

ಪ್ರಶ್ನೆ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ಆಲ್ಬನ್ ಟೊಪ್ಪಿ ಕಿವಿಗೆಳೆದುಕೊಂಡು, “ಹೊಟ್ಟೆ ಹಸೀತಿದೆ, ಬಾರೋ!” ಅಂತ ಕೂಗಿದ. ನಾನು ಮೇಷ್ಟ್ರ ಭುಜ ಮೆಲ್ಲಗೆ ತಟ್ಟಿ ಅವನತ್ತ ನಡೆದೆ.